ಹೆಫೆಯಲ್ಲಿ ಗೌರಮ್ಮನವರಿಗೆ ಊಟ ಹುಡುಕಿದ್ದು

ಬಟ್ಟಲಿನಲ್ಲಿ ಮಾಂಸವಿತ್ತು. ಬೇಡ ಎಂದೆ. ಅಂಗಡಿಯಾಕೆ ನಕ್ಕು, ಊಟದ ಕಡ್ಡಿಗಳಿಂದ ತುಂಡುಗಳನ್ನೆಲ್ಲ ಆರಿಸಿ ತೆಗೆದು, ಅದೇ ಬಟ್ಟಲನ್ನು ತಿರುಗಿ ನನ್ನ ಮುಂದಿಟ್ಟಳು. ಅವಳ ಲೆಕ್ಕದಲ್ಲಿ ಅದೀಗ ಸಸ್ಯಾಹಾರ! ಚೀನಾದ ಹೆಫೆ ಊರಿಗೆ ನಾನು ಬಂದ ಹೊಸತು. ಅವತ್ತು ಶ್ರಾವಣ ಸೋಮವಾರ. ಸುರಪುರದ ಹತ್ತಿರ ದೇವಾಪುರದಲ್ಲಿ ನಮ್ಮದು ಕುರಿ ಸಾಕುವ ಮನೆ. ಅಲ್ಲಿಯೂ ಆ ದಿನ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಬಾಳೆಹಣ್ಣು ತಿಂದು ಮಲಗಿದೆ.

ಹೆಫೆಯಲ್ಲಿ ಬೇಳೆ ಆರಿಸುವ ಯಂತ್ರ ಮಾಡುತ್ತಾರೆ. ನಮ್ಮ ಕಡೆ ಹೆಂಗಸರು ಮೊರ ಹಿಡಿದು ಮಾಡುವ ಕೆಲಸವನ್ನು ಇಲ್ಲಿ ಕ್ಯಾಮೆರಾ ಮಾಡುತ್ತದೆ. ಹೈದರಾಬಾದಿನಲ್ಲಿ ಚೀನೀ ಕಲಿತಿದ್ದ ನನ್ನನ್ನು ಒಂದು ಕಾರ್ಖಾನೆ ದುಭಾಷಿಯಾಗಿ ಕರೆಸಿಕೊಂಡಿತ್ತು. ಎತ್ತರದ ಕಟ್ಟಡದಲ್ಲಿ ಒಂದು ಕೋಣೆ, ಅದಕ್ಕೊಂದು ಕಿಟಕಿ. ಕನ್ನಡ ಆಡಬೇಕೆನಿಸಿದರೆ ಅನ್ನದ ಪಾತ್ರೆಯೊಡನೆ ಆಡುತ್ತಿದ್ದೆ.

ಹಾಗಾಗಿ, ಎರಡನೆಯ ವರ್ಷ ಯಾದಗಿರಿಯಿಂದ ಗಿರಾಕಿಗಳು ಬರುತ್ತಾರೆಂದಾಗ ಕುಣಿದಾಡಿದೆ. ಆಮೇಲೆ ಯಾರು ಬರುವವರೆಂದು ತಿಳಿದು ಕುಣಿತ ನಿಂತಿತು. ದಾಲ್ ಮಿಲ್ಲಿನ ಒಡತಿ ಗೌರಮ್ಮನವರು, ಜೊತೆಗೆ ಅಳಿಯ ಶರಣಪ್ಪ. ಗೌರಮ್ಮನವರೋ ಲಿಂಗಪೂಜೆಯಾಗದೆ ನೀರು ಸಹ ಮುಟ್ಟದ ಹಿರಿಯ ಜೀವ.

"ಊಟ ನಿನ್ನ ಜವಾಬ್ದಾರಿ. ಅವರು ಸಿಟ್ಟಾಗಿ ಹೋದರೆ ನೀನೂ ಹೊರಡಬಹುದು," ಎಂದ ಮ್ಯಾನೇಜರ್.

ಹೋಟೆಲು ಹೋಟೆಲು ಅಲೆದೆ. ಇಲ್ಲಿ 'ಸು' ಎಂದರೆ ಸಸ್ಯಾಹಾರ. ಆದರೆ 'ಸು' ಎಂದು ಬರೆದ ಸೊಪ್ಪನ್ನೂ ಹಂದಿಯ ಕೊಬ್ಬಿನಲ್ಲಿ ಬಾಡಿಸುತ್ತಾರೆ. ಕೊನೆಗೆ ಕೆರೆಯ ಪಕ್ಕದ ಒಂದು ಹೋಟೆಲಿನ ಅಡುಗೆಯವ ಎದೆ ಮುಟ್ಟಿಕೊಂಡು ಮಾತು ಕೊಟ್ಟ. ನಂಬಿದೆ.

ಗೌರಮ್ಮನವರು ಬಂದರು. "ಪರದೇಶದಾಗ ನಮ್ಮ ಮಾತು ಆಡೋ ಹೆಣ್ಣಮಗಳು ಸಿಕ್ಕಾಳಲ್ಲ! ನಿನ್ನ ಮ್ಯಾಲ ಭಾರ ಹಾಕೇನವ್ವಾ," ಎಂದು ತಲೆ ಸವರಿದರು. ಯಾವ ಮನೆಯವಳೆಂದು ಕೇಳಲಿಲ್ಲ. ಕೇಳಿಬಿಟ್ಟಾರೆಂದು ಹೆದರಿ ನಾನು ಹವಾಮಾನದ ಮಾತೆತ್ತಿದೆ.

ಹೋಟೆಲಿನಲ್ಲಿ ಮೊದಲು ಸೂಪು ಬಂತು. ತಿಳಿಯಾದ ಸಾರು, ಮೇಲೆ ಅಣಬೆ. ಅವರು ಕಣ್ಮುಚ್ಚಿ ಕೈ ಮುಗಿಯುವಷ್ಟರಲ್ಲಿ ನಾನೊಂದು ಚಮಚ ಬಾಯಿಗಿಟ್ಟೆ. ಅಣಬೆಯ ಹಿಂದಿನಿಂದ ಮೂಳೆ ಕುದಿಸಿದ ರುಚಿ ನಿಧಾನಕ್ಕೆ ಬಂತು. ಅವರಿಗೆ ಗೊತ್ತಾಗುವ ರುಚಿಯಲ್ಲ ಅದು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನೌಕರಿ ಉಳಿಯುತ್ತಿತ್ತು.

ಅವರ ಚಮಚ ತುಟಿಯ ಹತ್ತಿರ ಹೋಗಿತ್ತು.

"ಬ್ಯಾಡ್ರಿ ಅಮ್ಮಾ! ಇಡ್ರಿ ಕೆಳಗ!"

"ಯಾಕ?" ಎಂದ ಶರಣಪ್ಪ. "ಬರೇ ಅಣಬಿ ಐತಲ್ಲ?"

"ಮೂಳಿ ಕುದಿಸಿದ ನೀರು ಹಾಕ್ಯಾರ್ರಿ."

"ನಿಮಗ ಹೆಂಗ ಗೊತ್ತಾತು?"

ಹೇಳಿಬಿಟ್ಟೆ. "ನಾವು ಕುರಿ ಕಾಯೋ ಮಂದಿ ಅದೀವ್ರಿ. ನಮ್ಮ ಮನ್ಯಾಗ ಮಾಡ್ತಾರ. ನಾ ಉಣ್ತೀನ್ರಿ."

ಗೌರಮ್ಮನವರು ಚಮಚ ಇಟ್ಟರು. ಬಟ್ಟಲನ್ನು ದೂರ ಸರಿಸಿದರು, ತಮ್ಮ ಕುರ್ಚಿಯನ್ನೂ ಒಂದಿಷ್ಟು. ಯಾವುದರಿಂದ ಸರಿದರೋ, ಸಾರಿನಿಂದಲೋ ನನ್ನಿಂದಲೋ!

ಆ ದಿನವನ್ನು ಅವರು ಹಣ್ಣು ಮತ್ತು ಊರಿನಿಂದ ತಂದ ಖಡಕ್ ರೊಟ್ಟಿಯಲ್ಲಿ ಕಳೆದರು. ಮರುದಿನ ಬೆಳಿಗ್ಗೆ ನಾನು ಬೌದ್ಧ ಮಠವೊಂದಕ್ಕೆ ಹೋಗಿ ವಿಚಾರಿಸಿದೆ. ಅಲ್ಲಿ 'ಝಾಯ್', ಅಂದರೆ ವ್ರತದ ಊಟ, ಬಂದವರಿಗೆಲ್ಲ ಬಡಿಸುತ್ತಾರೆ. ಅತಿಥಿಗಳನ್ನು ಕರೆದೊಯ್ದೆ. ಅನ್ನ, ಸೋಯಾ ಹಾಲಿನ ಗಿಣ್ಣು, ಸೊಪ್ಪು ಬಂದವು. ಗೌರಮ್ಮನವರು ಮುಟ್ಟಲಿಲ್ಲ.

"ಮೊದಲ ನೀ ನೋಡು," ಎಂದರು.

ಬೇರೆ ತಟ್ಟೆಯಲ್ಲಿ ಹಾಕಿಕೊಂಡು ಒಂದೊಂದನ್ನೂ ರುಚಿ ನೋಡಿದೆ. "ಏನೂ ಇಲ್ರಿ. ಉಳ್ಳಾಗಡ್ಡಿ ಸೈತ ಇಲ್ಲ."

"ಉಳ್ಳಾಗಡ್ಡಿನೂ ಇಲ್ಲ? ನಮಗಿಂತ ಮಡಿ ಮಂದಿ ಇದ್ದಾರ ಬಿಡು!" ನಕ್ಕರು. ಎರಡು ಸಲ ಅನ್ನ ಹಾಕಿಸಿಕೊಂಡರು. ಉಳಿದ ದಿನಗಳೆಲ್ಲ ಅಲ್ಲಿಯೇ ಊಟ. ಪ್ರತಿ ಸಲ ಮೊದಲ ತುತ್ತು ನನ್ನದು, ಬೇರೆ ತಟ್ಟೆಯಲ್ಲಿ. ಯಂತ್ರದ ವ್ಯವಹಾರವೂ ಕುದುರಿತು.

ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, "ಯಾದಗಿರಿಗಿ ಬಂದಾಗ ಮನಿಗಿ ಬಾ, ಮರೀಬ್ಯಾಡ," ಎಂದರು. ಬಾಯಿಮಾತಲ್ಲ, ಕಣ್ಣು ತುಂಬಿತ್ತು.

ಊರಿಗೆ ಹೋಗುವ ಟಿಕೆಟ್ ತೆಗೆಸಿದ್ದೇನೆ, ಭಯವೂ ಶುರುವಾಗಿದೆ. ಹೆಫೆಯಲ್ಲಿ ಪಕ್ಕದ ಮನೆಯ ಮುದುಕಿ ನನ್ನನ್ನು ಸೀದಾ ಅಡುಗೆಮನೆಗೆ ಎಳೆದೊಯ್ಯುತ್ತಾಳೆ, ಆದರೂ ಇವತ್ತಿಗೂ 'ವಿದೇಶದವಳು' ಎಂದೇ ಕರೆಯುತ್ತಾಳೆ. ಯಾದಗಿರಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಗೌರಮ್ಮನವರ ಮನೆಗೆ ಹೋಗಿಯೇ ಹೋಗುತ್ತೇನೆ. ಎಷ್ಟು ಒಳಗೆ ಹೋಗಬೇಕೆಂಬುದು ಮಾತ್ರ ಗೊತ್ತಿಲ್ಲ.