ಹರ್ತಿಯ ಅಜ್ಜಿ ಹೇಳಿದಷ್ಟು ಝೂಮ್

ದೆವ್ವ, ಶಕುನ, ಕನಸಿನ ಸೂಚನೆ ಎನ್ನುವವರನ್ನು ಕಂಡರೆ ನಕ್ಕು ಮುಂದೆ ಹೋಗುತ್ತಿದ್ದವನು ನಾನು. ಏನಾದರೂ ಕೆಟ್ಟರೆ ವೈರು ನೋಡು, ವೈರು ಸರಿಯಿದ್ದರೆ ಕರೆಂಟು ನೋಡು, ಇಷ್ಟೇ ನನ್ನ ವೇದಾಂತ. ಮುಂಡರಗಿಯ ಆ ಮದುವೆಯವರೆಗೆ ಅದು ಸಾಕಾಗಿತ್ತು. ಈಗ ನಗುವುದನ್ನು ಬಿಟ್ಟಿಲ್ಲ, ಸ್ವಲ್ಪ ತಡೆದು ನಗುತ್ತೇನೆ.

ಮದುವೆಗಳನ್ನು ಮನೆಯ ಟಿವಿಗೆ ನೇರ ಪ್ರಸಾರ ಮಾಡುವುದು ನನ್ನ ಕೆಲಸ. ಮಂಟಪದ ನಡುವೆ ಎತ್ತರದ ಕಂಬದ ಮೇಲೆ ಕ್ಯಾಮೆರಾ, ಮೂಲೆಯ ಮೇಜಿನ ಮುಂದೆ ನಾನು. ನನ್ನ ಮುಂದಿನ ಜಾಯ್‌ಸ್ಟಿಕ್ ಆಡಿಸಿದರೆ ಕ್ಯಾಮೆರಾ ತಿರುಗುತ್ತದೆ, ಅದರ ತಲೆ ತಿರುಚಿದರೆ ಝೂಮ್, ಪಕ್ಕದ ಗುಂಡಿ ತಿರುಗಿಸಿದರೆ ಫೋಕಸ್.

ಮದುಮಗಳು ಶಿವಲೀಲಾ. ತಾಯಿ ಇಲ್ಲದ ಅವಳನ್ನು ಎತ್ತಿ ಬೆಳೆಸಿದವರು ಹರ್ತಿಯ ಅಜ್ಜಿ ನೀಲವ್ವ. ಮದುವೆಗೆ ವಾರವಿರುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಮುಹೂರ್ತ ಮುಂದೂಡಲು ಅವರೇ ಒಪ್ಪಲಿಲ್ಲ, ಮನೆಯ ಟಿವಿಯಲ್ಲೇ ನೋಡುವುದೆಂದಾಯಿತು. ಟಿವಿ ಸರಿಮಾಡಲು ಹೋದ ನನ್ನನ್ನು ಮಂಚದ ಹತ್ತಿರ ಕರೆದು, "ತಮ್ಮಾ, ಮಂದಿನ್ನೆಲ್ಲಾ ತೋರಸಬ್ಯಾಡ. ತಾಳಿ ಕಟ್ಟೂ ಹೊತ್ತಿಗೆ ನನ್ನ ಹುಡುಗಿ ಮಾರಿ ತೋರಸು. ಅಕಿ ಅಳ್ತಾಳೋ ನಗ್ತಾಳೋ, ಅಷ್ಟು ನೋಡಿದ್ರ ನನಗ ಸಾಕು" ಅಂದರು. ಆತು ಅಜ್ಜಿ ಅಂದು ಬಂದೆ.

ನಮ್ಮ ಕಡೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವಾಗ ಯಾರೂ ಕುರ್ಚಿಯಲ್ಲಿ ಕೂರುವುದಿಲ್ಲ. ದೂರದಿಂದ ಎಸೆದರೆ ಮುಂದಿನವರ ಟೋಪಿಯ ಮೇಲೆ ಬೀಳುತ್ತದಲ್ಲ, ಎಲ್ಲರೂ ವೇದಿಕೆಗೆ ನುಗ್ಗುತ್ತಾರೆ. ಹಾರುವ ಕಾಳಿಗೆ ಫೋಕಸ್ ಸಿಕ್ಕಿಬಿದ್ದು ಮುಖ ಮಸುಕಾಗಬಾರದೆಂದು ಅದನ್ನು ಮೊದಲೇ ದೂರದ ನೋಟಕ್ಕೆ ಹೊಂದಿಸಿ, ಗುಂಡಿ ತಿರುಗಿಸದೆ ಬದಲಾಗದಂತೆ ಇಟ್ಟಿದ್ದೆ. ಝೂಮ್ ಆಮೇಲೆ ಮಾಡೋಣ ಎಂದುಕೊಂಡೆ. ಜಾಣತನ ಹೆಚ್ಚಾಯಿತು. ವಾಲಗ ಜೋರಾಯಿತು, ಜನ ನುಗ್ಗಿದರು, ಯಾರದೋ ಕಾಲು ಸಿಕ್ಕಿ ಜಾಯ್‌ಸ್ಟಿಕ್ಕಿನ ವೈರು ಕಿತ್ತುಹೋಯಿತು. ಕ್ಯಾಮೆರಾದ ಚಿತ್ರ ಮಾತ್ರ ಬರುತ್ತಿತ್ತು. ಪರದೆಯ ತುಂಬ ಬರೀ ಬೆನ್ನು, ರುಮಾಲು, ಎತ್ತಿ ಹಿಡಿದ ಮೊಬೈಲು. ಮೇಜಿನ ಕೆಳಗೆ ಬಾಗಿ ವೈರಿನ ತುದಿಗಾಗಿ ತಡಕಾಡಿದೆ.

ತಲೆಯೆತ್ತಿ ನೋಡಿದರೆ ಚಿತ್ರ ಚಲಿಸುತ್ತಿತ್ತು. ಕ್ಯಾಮೆರಾ ಒಂದಿಷ್ಟು ಪಕ್ಕಕ್ಕೆ ತಿರುಗಿ, ಎರಡು ರುಮಾಲುಗಳ ಸಂದಿನಲ್ಲಿ ಝೂಮ್ ನಿಧಾನವಾಗಿ ಒಳಕ್ಕೆ ಹೋಯಿತು. ಒಮ್ಮೆ ನಿಂತು, ಮತ್ತೆ ಹೋಯಿತು. ಎಲ್ಲ ಅರಿಶಿನ ಬಣ್ಣದ ಮಸುಕಾಯಿತು. ಆಮೇಲೆ ಫೋಕಸ್ ತಾನಾಗಿ ತಿರುಗಿ ಶಿವಲೀಲಾಳ ಮುಖ ಸ್ಪಷ್ಟವಾಗಿ ಮೂಡಿತು. ಕೊರಳಿಗೆ ತಾಳಿ ಬೀಳುತ್ತಿತ್ತು. ಅವಳ ತುಟಿಗೊಂದು ಅಕ್ಕಿಕಾಳು ಅಂಟಿತ್ತು. ಅದನ್ನು ಉಫ್ ಎಂದು ಊದಿ ಅವಳು ನಕ್ಕಳು. ಖುಷಿಗೆ ನನಗೂ ನಗು ಬಂತು, ಕಿತ್ತ ವೈರು ಮಾತ್ರ ಇನ್ನೂ ಮೇಜಿನ ಕೆಳಗೇ ಬಿದ್ದಿತ್ತು.

ಮರುದಿನ ಮದುವೆಯ ವಿಡಿಯೊ ಕೊಡಲು ಹರ್ತಿಗೆ ಹೋದೆ. ಅಜ್ಜಿಯ ಮುಖ ಅರಳಿತ್ತು.

"ಶ್ಯಾಣ್ಯಾ ಅದಿ ತಮ್ಮಾ. ನಾ ಇನ್ನೊಂದೀಟು ಹತ್ರ ತಾ ಅಂದೆ, ತಂದಿ. ಇನ್ನೊಂದೀಟು ಅಂದೆ, ಮತ್ತ ತಂದಿ. ಮಸಕ ಆತಲ್ಲೋ ಅಂದೆ, ಒರಸಿದಂಗ ಮಾಡಿದಿ. ಸಾಕು ಅಂದೆ, ನಿಲ್ಲಿಸಿದಿ. ನಕ್ಕಳು ನೋಡು ನನ್ನ ಕೂಸು."

ಮದುವೆಯ ಹೊತ್ತಿಗೆ ಅಜ್ಜಿಯ ಜೊತೆ ಟಿವಿ ನೋಡಿದ್ದ ನೆರೆಮನೆಯ ಗಿರಿಜವ್ವನೂ ತಲೆಯಾಡಿಸಿದರು. "ಖರೆ ಐತ್ರಿ. ಟಿವಿ ಜೋಡಿ ಮಾತಾಡ್ತಾರಲ್ಲಾ ಅಂತ ನಾ ನಗಾಕ ಹತ್ತಿದ್ದೆ."

ಓದುಗರೇ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ನೇರ ಪ್ರಸಾರವೆಂದರೂ ನಮ್ಮ ಚಿತ್ರ ಟಿವಿಗೆ ಮುಟ್ಟಲು ಅರ್ಧ ನಿಮಿಷ ಬೇಕು. ಅಂದರೆ ಅಜ್ಜಿ ಸಾಕು ಅನ್ನುವುದಕ್ಕೆ ಮೊದಲೇ ಮುಂಡರಗಿಯಲ್ಲಿ ಕ್ಯಾಮೆರಾ ನಿಂತಿತ್ತು. ರಿಪೇರಿಯವರಿಗೆ ತೋರಿಸಿದೆ, ದೋಷವಿಲ್ಲ ಅಂದರು. ವೈರಿಲ್ಲದೆ ಅದು ಅಲುಗುವುದೇ ಇಲ್ಲವಂತೆ. ಆಗಿದ್ದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅಂದು ನಾನು ಹೊರಡುವಾಗ ಅಜ್ಜಿ ನನ್ನ ಬಲಗೈ ಹಿಡಿದು, "ಈ ಕೈಯಾಗ ಏನೋ ಐತಿ ನೋಡು" ಎಂದು ಕಣ್ಣಿಗೆ ಒತ್ತಿಕೊಂಡರು. ಕ್ಯಾಮೆರಾ ಚಲಿಸುವ ಹೊತ್ತಿನಲ್ಲಿ ಅದೇ ಕೈ ಮೇಜಿನ ಕೆಳಗೆ ವೈರು ಹುಡುಕುತ್ತಿತ್ತು.