ಕಾಕಾನ ಗಂಗಾಳದ ಎಡಮಗ್ಗಲು

ನಾನು ಚಿಕ್ಕವಳಿದ್ದಾಗ, ಸಿಂದಗಿ ಹತ್ತಿರದ ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಒಂದು ಆಷಾಢವಿಡೀ ಯಾರೂ ಯಾರನ್ನೂ ನಂಬಲಿಲ್ಲ. ಆ ಜಗಳವೆಲ್ಲ ಹುಟ್ಟಿದ್ದು ಒಂದು ಚಿಟಿಕೆ ಶೇಂಗಾ ಹಿಂಡಿಯಿಂದ. ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ಒರಳಲ್ಲಿ ಕುಟ್ಟಿದ ಪುಡಿ ಅದು. ಮಕ್ಕಳೇ, ನೀವು ಮೊಸರು ಕಲಸಿಕೊಂಡು ರೊಟ್ಟಿಗೆ ಹಚ್ಚಿಕೊಳ್ಳುತ್ತೀರಲ್ಲ, ಅದೇ. ಅದರ ದೆಸೆಯಿಂದ ನಮ್ಮ ಅವ್ವ ಮನೆ ಬಿಟ್ಟು ಹೋಗುವ ಹೊತ್ತು ಬಂದಿತ್ತು.

ಅದಕ್ಕೆ ಮೊದಲು ಕಾಕಾ ಬಿದ್ದದ್ದನ್ನು ಹೇಳಬೇಕು. ಕಾಕಾ ಅಂದರೆ ಅಪ್ಪನ ತಮ್ಮ. ಇನ್ನೂ ಮದುವೆಯಾಗಿರಲಿಲ್ಲ. ನಮ್ಮ ಕಡೆ ಮನೆಗಳಿಗೆ ಮಣ್ಣಿನ ಮಾಳಿಗೆ. ಮೊದಲ ಮಳೆಗೆ ಮುಂಚೆ ಅದರ ಮೇಲೆ ಹೊಸ ಮಣ್ಣು ಹರಡದಿದ್ದರೆ ಮಳೆಯೆಲ್ಲ ಮನೆಯೊಳಗೇ. ಆ ವರ್ಷ ಮಣ್ಣಿನ ಬುಟ್ಟಿ ಹಿಡಿದು ಹಿಂದೆ ಹಿಂದೆ ಸರಿಯುತ್ತ ಕಾಕಾ ಮಾಳಿಗೆಯ ಅಂಚು ಮರೆತ. ಕೆಳಗಿದ್ದ ಕಲ್ಲಿಗೆ ತಲೆಯ ಬಲಮಗ್ಗಲು ಬಡಿಯಿತು. ದೂರದ ಊರಿನ ದೊಡ್ಡ ದವಾಖಾನೆಯಲ್ಲಿ ಮೂರು ವಾರ ಇದ್ದು ಬಂದ. ಗಾಯ ಮಾಯ್ದಿತ್ತು. ಎಡಗೈ, ಎಡಗಾಲು ತುಸು ಸೋತಿದ್ದವು. ಮಾತು ಮಾತ್ರ ಮೊದಲಿನ ಹಾಗೇ ಪಟಪಟ. ಆಯಿ, ಅಂದರೆ ಅಪ್ಪನ ತಾಯಿ, ಹೊಸ್ತಿಲಲ್ಲೇ ಅವನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಕಾಕಾ ಪೂರ್ತಿ ಗುಣವಾಗಿ ಬಂದನೆಂದೇ ನಾವೆಲ್ಲ ತಿಳಿದೆವು.

ಆಮೇಲೆ ಶುರುವಾಯಿತು ನೋಡಿ. ಕಾಕಾ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಧಡ್ ಎಂದು ಬಡಿಯುತ್ತಿತ್ತು. ಓಣಿಯಲ್ಲಿ ಕೆಲವರು ಕೈ ಮುಗಿದರೂ ನೋಡದೆ ಹೋಗುತ್ತಿದ್ದ. "ದೊಡ್ಡ ದವಾಖಾನಿ ಕಂಡು ಬಂದಾನಲ್ಲ, ಸೊಕ್ಕ ಬಂದೈತಿ" ಎಂದು ಜನ ಆಡಿಕೊಂಡರು.

ಮನೆಯೊಳಗಿನ ಕಥೆ ಬೇರೆ. ನಮ್ಮಲ್ಲಿ ಊಟದ ಕಂಚಿನ ತಟ್ಟೆಗೆ ಗಂಗಾಳ ಎನ್ನುತ್ತಾರೆ. ಅದರ ಎಡಕ್ಕೆ ಉಪ್ಪು, ಹಿಂಡಿ, ಉಳ್ಳಾಗಡ್ಡಿ, ಬಲಕ್ಕೆ ಪಲ್ಯ, ನಡುವೆ ರೊಟ್ಟಿ. ಬಡಿಸುವವರು ಯಾರೇ ಇರಲಿ, ಈ ಜಾಗ ಬದಲಾಗುವುದಿಲ್ಲ. ಕಾಕಾ ಬಲಗಡೆಯ ಪಲ್ಯ ಬಳಿದು ತಿಂದು, ರೊಟ್ಟಿಯನ್ನು ನಡುವಿಗೆ ಸರಿಯಾಗಿ ಮುರಿದಂತೆ ಅರ್ಧ ತಿಂದು, ತಲೆ ಎತ್ತಿ ಅತ್ತಿಗೆಯನ್ನು, ಅಂದರೆ ನಮ್ಮ ಅವ್ವನನ್ನು, ಕೂಗುತ್ತಿದ್ದ: "ವೈನಿ, ಇವತ್ತೂ ಹಿಂಡಿ ಹಾಕಿಲ್ಲಲ್ಲ!"

"ಹಾಕೇನೆಪಾ" ಎಂದು ಅವ್ವ ಒಲೆಯ ಮುಂದಿನಿಂದ ಹೇಳುತ್ತಿದ್ದಳು. "ಎಲ್ಲಿ ಹಾಕೀರಿ?" ಎಂದು ಕಾಕಾ ಸಿಟ್ಟಿನಿಂದ ಎದ್ದು ಹೋಗುತ್ತಿದ್ದ.

ಆಯಿಗೆ ಮೊಣಕಾಲು ನೋವು, ಹೊರಗಿನ ಪಡಸಾಲೆ ಬಿಟ್ಟು ಬರುತ್ತಿರಲಿಲ್ಲ. ಅವಳ ಕಿವಿಗೆ ಬೀಳುತ್ತಿದ್ದುದು ಮಗನ ಕೂಗು ಮಾತ್ರ. ದುಡಿಯಲಾರದ ಮೈದುನನಿಗೆ ಸೊಸೆ ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಳು. ಒಂದು ದಿನ ಅವ್ವ ಕಾಕಾನ ಗಂಗಾಳವನ್ನೇ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟಳು. ಅರ್ಧ ರೊಟ್ಟಿ, ಮುಟ್ಟದ ಹಿಂಡಿ.

"ನೋಡ್ರಿ ಅತ್ತಿ, ಹಾಕಿದ್ದು ಹಾಂಗ ಐತಿ."

ಆಯಿ ಒಂದು ಗಳಿಗೆ ನೋಡಿದಳು. "ಅವ ಎದ್ದ ಮ್ಯಾಲ ಹಾಕಿರ್ತಿ" ಎಂದಳು.

ಅವ್ವ ಆ ಗಂಗಾಳವನ್ನು ಬೂದಿ ಹಾಕಿ ಎಷ್ಟು ಹೊತ್ತು ತಿಕ್ಕಿದಳೆಂದರೆ ಕಂಚು ಬಂಗಾರದ ಹಾಗೆ ಹೊಳೆಯಿತು. ಅವಳ ಮನಸ್ಸಿನಲ್ಲೂ ಅನುಮಾನ ಹೊಕ್ಕಿತು: ತನ್ನನ್ನು ಈ ಮನೆಯಿಂದ ಹೊರಗೆ ಹಾಕಿಸಲೆಂದೇ ಮೈದುನ ಹೀಗೆ ಮಾಡುತ್ತಿದ್ದಾನೆ ಎಂದು.

ಅಪ್ಪನ ಕಿವಿಯಲ್ಲಿ ಕಟ್ಟೆಯ ಮೇಲಿನ ಮುದುಕರು ಊದಿದರು. "ಅರ್ಧಾ ಉಂಡು ಅರ್ಧಾ ಬಿಡ್ತಾನಂದ್ರ ತಿಳಕೋ. ಹೊಲದಾಗ ಅರ್ಧಾ ಪಾಲು ಬೇಕಾಗೈತಿ ಅವಗ. ಬಾಯಿ ಬಿಟ್ಟು ಕೇಳಾಕ ನಾಚಿಗಿ." ಅಪ್ಪ ತಮ್ಮನ ಜೊತೆ ಮಾತು ಕಡಿಮೆ ಮಾಡಿದ.

ನನಗೆ ಮಾತ್ರ ಬೇರೆಯೇ ಸಂಶಯ. ಬೀಳುವ ಮೊದಲು ಕಾಕಾ ದೊಡ್ಡ ಚೇಷ್ಟೆಗಾರ. ಬೆಲ್ಲದ ಚೂರು ಮುಷ್ಟಿಯಲ್ಲಿ ಅಡಗಿಸಿ, ಖಾಲಿ ಕೈ ತೋರಿಸಿ ನನ್ನನ್ನು ಅಳಿಸುತ್ತಿದ್ದವನು. ಇದೂ ಅಂಥದ್ದೇ ಆಟ ಎಂದುಕೊಂಡೆ. ಜೋಳದ ಚೀಲಗಳ ಮರೆಯಲ್ಲಿ ಕುಳಿತು ಅವನು ಉಣ್ಣುವುದನ್ನು ದಿನಾ ಕದ್ದು ನೋಡಿದೆ, ಯಾವಾಗಲಾದರೂ ತುಟಿಯಂಚಿನಲ್ಲಿ ನಕ್ಕಾನು ಎಂದು. ಒಮ್ಮೆಯೂ ನಗಲಿಲ್ಲ.

ಹೀಗೆ ರೊಟ್ಟಿ ಹಬ್ಬ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಕಡೆ ಮನೆಮನೆಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತೆಳ್ಳನೆಯ ಜೋಳದ ರೊಟ್ಟಿ, ಕಾಳುಪಲ್ಯ, ಬಗೆಬಗೆಯ ಹಿಂಡಿ. ಓಣಿಯಲ್ಲಿ ಹೆಂಗಸರು ಒಬ್ಬರ ಮನೆಗೊಬ್ಬರು ರೊಟ್ಟಿ ಹೊತ್ತು ತಿರುಗುತ್ತಿದ್ದರು. ಸುಟ್ಟ ಎಳ್ಳಿನ ವಾಸನೆ, ಉಂಡಿಗೆಂದು ಕಾಯಿಸಿದ ಬೆಲ್ಲದ ವಾಸನೆ, ಬೇವಿನ ಮರಕ್ಕೆ ಆಗಲೇ ಕಟ್ಟಿದ ಜೋಕಾಲಿಯ ಕಿರುಗುಟ್ಟುವಿಕೆ. ಆಲಮೇಲದಿಂದ ಅವ್ವನ ಅಣ್ಣ, ನಮ್ಮ ಮಾಮಾ, ತಂಗಿಯನ್ನು ಪಂಚಮಿಗೆ ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದಿದ್ದ.

ಆಯಿ ಪಡಸಾಲೆಯಲ್ಲೇ ಅವನಿಗೆ ಹೇಳಿದಳು: "ಕರಕೊಂಡು ಹೋಗ್ರಿ ನಿಮ್ಮ ತಂಗೀನ. ತಿರುಗಿ ಕಳಸೂ ಗಡಿಬಿಡಿ ಏನೂ ಮಾಡಬ್ಯಾಡ್ರಿ."

ಮಾಮಾ ಅಪ್ಪನ ಮುಖ ನೋಡಿದ. ಅಪ್ಪ ಎತ್ತುಗಳ ಮುಖ ನೋಡಿದ.

ನಾನು ಒಳಗೆ ಓಡಿದೆ. ಅವ್ವನ ಟ್ರಂಕು ತೆರೆದಿತ್ತು. ಪಂಚಮಿಗೆ ಎರಡು ಸೀರೆ ಒಯ್ಯುತ್ತಿದ್ದವಳು ಈ ಸಲ ಎಲ್ಲ ಸೀರೆಗಳನ್ನೂ ಮಡಚಿಟ್ಟಿದ್ದಳು. ನನ್ನ ಲಂಗ ಒಂದೂ ಅದರಲ್ಲಿ ಇರಲಿಲ್ಲ.

ಹೊರಡುವ ಮುಂಚೆ ಗಂಡಸರ ಊಟ. ಕಾಕಾ ನಡುವೆ, ಅವನ ಬಲಕ್ಕೆ ಅಪ್ಪ, ಎಡಕ್ಕೆ ಮಾಮಾ. ಬೀಗರ ಎದುರು ತನ್ನ ಮಾತೇ ನಿಜವೆಂದು ತೋರಿಸಬೇಕೆಂದು ಆಯಿ ಕೂಡ ಗೋಡೆ ಹಿಡಿದು ಬಂದು ಎದುರಿಗೇ ಕುಳಿತಳು. ಅವ್ವ ಬಡಿಸಿದಳು. ಮೂರೂ ಗಂಗಾಳದ ಎಡಕ್ಕೆ ಹಿಂಡಿ ಬಿದ್ದದ್ದನ್ನು ಆಯಿ ಕಣ್ಣಾರೆ ಕಂಡಳು.

ನಾಲ್ಕು ತುತ್ತು ಆಗಿರಬೇಕು. ಕಾಕಾ ತಲೆ ಎತ್ತಿದ.

"ವೈನಿ, ಹಬ್ಬದ ದಿನಾನೂ ನನಗ ಹಿಂಡಿ ಇಲ್ಲೇನು?"

ಅಪ್ಪನ ತಾಳ್ಮೆ ತಪ್ಪಿತು. "ಕಣ್ಣ ಮುಂದ ಐತಲ್ಲೋ! ಬೀಗರ ಮುಂದ ಮರ್ಯಾದಿ ತಗೀತಿ?"

"ಎಲ್ಲೈತಿ? ಎಲ್ಲಾರೂ ಕೂಡಿ ನನ್ನ ಹುಚ್ಚ ಮಾಡಾಕತ್ತೀರೇನು?"

ಮಾಮಾನೂ ಬಿಡಲಿಲ್ಲ. "ಹಿಂಡಿ ಒತ್ತಟ್ಟಿಗಿರ್ಲಿ. ನಾ ಬಂದು ಮಗ್ಗಲಾಗ ಕುಂತೇನಿ. 'ಆರಾಮ ಅದೀರೇನು' ಅಂತ ಒಂದು ಮಾತ ಇಲ್ಲ ನಿಮ್ಮ ಬಾಯಾಗ."

ಕಾಕಾ ಬೆಚ್ಚಿಬಿದ್ದ. ಎಡಕ್ಕೆ ಕುಳಿತ ಮಾಮಾನ ದನಿ ಕೇಳಿ ಅವನು ತಿರುಗಿದ್ದು ಬಲಕ್ಕೆ. ಅಪ್ಪನ ಮುಖ, ಅಪ್ಪನ ಹಿಂದಿನ ಗೋಡೆ ಹುಡುಕಿದ. "ಅರೆ, ಮಾಮಾರು ಬಂದಾರೇನು? ಎಲ್ಲಿ ಅದಾರ?" ಎಂದ.

ಮಜ್ಜಿಗೆಯ ಚೊಂಬು ಹಿಡಿದು ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕಾಕಾನ ಆಟಕ್ಕೆ ಅವ್ವ ಹೋಗುತ್ತಿದ್ದಾಳೆ, ಸಾಕು ಈ ಆಟ! ಚೊಂಬು ಕೆಳಗಿಟ್ಟು ಮುಂದೆ ಕುಕ್ಕರಿಸಿ, ಅವನ ಗಂಗಾಳವನ್ನು ಎರಡೂ ಕೈಯಿಂದ ಹಿಡಿದು ಗರ್ರನೆ ತಿರುಗಿಸಿಬಿಟ್ಟೆ. ಎಡಗಡೆಯದು ಬಲಕ್ಕೆ ಬಂತು. "ಇದೇನಿದು, ಇದು ಹಿಂಡಿ ಅಲ್ಲೇನು?" ಎಂದು ಚೀರಿದೆ.

ಕಾಕಾ ಕೆಳಗೆ ನೋಡಿದ. ಅವನ ಕೈ ನಿಂತೇ ಹೋಯಿತು. "ಯಾರು ಹಾಕಿದ್ರು ಇದನ್ನ? ಈಗ ಯಾರು ಹಾಕಿದ್ರು?"

ಆಯಿ ನೆಲಕ್ಕೆ ಕೈಯೂರಿ ತೆವಳುತ್ತ ಬಂದು ಗಂಗಾಳವನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಿದಳು.

"ಈಗ ಐತೇನೋ?"

"ಇಲ್ಲವ್ವಾ. ಹೋತು."

ಮತ್ತೆ ತಿರುಗಿಸಿದಳು. "ಈಗ?"

"ಐತಿ." ಕಾಕಾ ಅವಳ ಕೈ ಹಿಡಿದುಕೊಂಡ. "ಅವ್ವಾ, ನನಗೇನಾಗೇತಿ?"

ಅವನ ಕಣ್ಣಲ್ಲಿ ನಾನು ಕಂಡ ಹೆದರಿಕೆ ಚೇಷ್ಟೆಗಾರರಿಗೆ ಬರುವಂಥದ್ದಲ್ಲ. ನಾನು ಓಡಿಹೋಗಿ ಅವ್ವನ ಸೆರಗು ಹಿಡಿದುಕೊಂಡೆ.

ತವರಿಗೆಂದು ತಂದ ಗಾಡಿಯಲ್ಲೇ ಕಾಕಾನನ್ನು ಕೂರಿಸಿಕೊಂಡು ಆಯಿಯೊಬ್ಬಳನ್ನು ಬಿಟ್ಟು ನಾವೆಲ್ಲ ಸಿಂದಗಿಗೆ ಹೋದೆವು. ಅಲ್ಲಿಯ ಡಾಕ್ಟರರು ವಯಸ್ಸಾದವರು, ಗಡಿಬಿಡಿ ಇಲ್ಲದವರು. ಕಣ್ಣು ಪರೀಕ್ಷಿಸಿದರು. ಆಮೇಲೆ ಕಾಕಾನಿಗೆ ಕಣ್ಣು ಮುಚ್ಚಲು ಹೇಳಿ, "ನಿಮ್ಮೂರ ಅಗಸಿಯಿಂದ ಮನಿಗಿ ನಡಕೊಂಡು ಬರಾಕತ್ತೀರಿ ಅಂತ ತಿಳಕೋರಿ. ಯಾರ್ಯಾರ ಮನಿ ಬರ್ತಾವ ಹೇಳ್ರಿ" ಎಂದರು. ಕಾಕಾ ಊರ ಹೆಬ್ಬಾಗಿಲಿನಿಂದ ಶುರುಮಾಡಿ ಹೇಳಿದ. ಓಣಿಯಲ್ಲಿ ಬಲಕ್ಕೆ ಬರುವ ಒಂದೇ ಸಾಲಿನ ಮನೆಗಳು. "ಈಗ ಮನಿಯಿಂದ ಅಗಸಿಗೆ ಹೊಂಡ್ರಿ." ಈಗ ಎದುರಿನ ಸಾಲು ಬಂತು, ಮೊದಲು ಹೇಳಿದ ಮನೆಗಳೆಲ್ಲ ಮಾಯವಾದವು. ಅಪ್ಪ ಹಣೆ ಒತ್ತಿಕೊಂಡ.

"ಕಣ್ಣಾಗ ದೋಷ ಇಲ್ರಿ" ಎಂದರು ಡಾಕ್ಟರರು. "ಪೆಟ್ಟು ಬಿದ್ದದ್ದು ಬಲಗಡೆ ಮೆದುಳಿಗೆ. ಎಡಗಡೆ ಏನೈತಿ ಅಂತ ಲಕ್ಷ್ಯ ಕೊಡೂದು ಅದರ ಕೆಲಸ. ಅದು ಎಡಗಡೀನ ಮರತೈತಿ. ಇವ್ರು ಸುಳ್ಳು ಹೇಳಾಕತ್ತಿಲ್ಲ. ಇವ್ರ ಪಾಲಿಗೆ ಅಲ್ಲಿ ಏನೂ ಇಲ್ಲ."

"ಗುಳಿಗಿ ಕೊಡ್ರಿ" ಎಂದ ಅಪ್ಪ.

"ಇದಕ್ಕ ಗುಳಿಗಿ ಇಲ್ರಿ, ಕಲಿಸಬೇಕು. ಎಡಕ್ಕ ಒಂದು ಕೆಂಪು ಗುರುತ ಇಡ್ರಿ. ಅದು ಸಿಗೂತನಕ ತಲಿ ತಿರುಗಿಸಿ ಹುಡುಕಲಿ. ಮಾತಾಡಸವ್ರು ಎಡಕ್ಕ ಕುಂದರ್ರಿ. ಎಡಗೈಗೂ ಕೆಲಸ ಕೊಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಇನ್ನ ಗಂಗಾಳ ತಿರುಗಿಸಬ್ಯಾಡವ್ವಾ. ಕಾಕಾನ ಕುತ್ತಿಗಿ ತಿರುಗಲಿ" ಎಂದರು.

ಮನೆಗೆ ಬಂದು ಹೇಳಿದಾಗ ಆಯಿ ಡಾಕ್ಟರರನ್ನೂ ನಂಬಲಿಲ್ಲ. "ಗುಳಿಗಿ ಇಲ್ದ ಔಷಧ ಎಂಥಾದ್ದು?" ಎಂದಳು. ಅವ್ವ ಒಂದು ಒಣ ಕೆಂಪು ಮೆಣಸಿನಕಾಯಿ ತಂದು ಕಾಕಾನ ಗಂಗಾಳದ ಎಡ ಅಂಚಿಗೆ ಇಟ್ಟಳು. "ಹುಡುಕು ತಮ್ಮಾ" ಎಂದಳು. ಕಾಕಾ ಹುಡುಕಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಅದು ಸಿಕ್ಕಾಗ ಅದರ ಪಕ್ಕದಲ್ಲೇ ಹಿಂಡಿಯೂ ಸಿಕ್ಕಿತು.

ಆಯಿ ಮಗನ ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಅವ್ವನಿಗೆ, "ಅವಗ ಬರೇ ಎಡಗಡೆ ಕಾಣಲಿಲ್ಲ. ನನಗ ಎರಡೂ ಕಡೆ ಕಾಣಲಿಲ್ಲ ನೋಡು" ಎಂದಳು. ಅವ್ವ, "ಹೌದ್ರಿ, ಕಾಣಲಿಲ್ಲ" ಎಂದಳು. ಅಷ್ಟೇ. ಕ್ಷಮಿಸಿದೆ ಎನ್ನಲಿಲ್ಲ, ಅಳಲೂ ಇಲ್ಲ. ಮರುದಿನ ಆಯಿ ತಾನೇ ಉಂಡಿ ಕಟ್ಟಿ ಟ್ರಂಕಿನಲ್ಲಿಟ್ಟು, ಹೆಚ್ಚಿನ ಸೀರೆಗಳನ್ನು ಹೊರಗೆ ತೆಗೆದಳು, ನನ್ನ ಎರಡು ಲಂಗ ಒಳಗಿಟ್ಟಳು. ಎಂಟು ದಿನಕ್ಕೆ ನಾವು ತವರಿನಿಂದ ತಿರುಗಿ ಬಂದೆವು.

ಕಾಕಾನ ಕಲಿಕೆ ಅದೇನು ಹೂ ಎತ್ತಿದಷ್ಟು ಹಗುರವಿರಲಿಲ್ಲ. ಎಡಗೈ ಚುರುಕಾಗಲೆಂದು ಅವ್ವ ಅವನನ್ನು ಒಲೆಯ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಹಚ್ಚಿದಳು. ಗಂಡಸು ರೊಟ್ಟಿ ಬಡಿಯುತ್ತಾನೆಂದು ಓಣಿಯವರು ಇಣುಕಿ ನಕ್ಕರು. ಮೊದಲ ತಿಂಗಳ ರೊಟ್ಟಿಗಳು ಬಲಕ್ಕೆ ತೆಳ್ಳಗೆ, ಎಡಕ್ಕೆ ಬೆರಳು ದಪ್ಪ. ಕೆಲವೊಮ್ಮೆ ಹಿಟ್ಟನ್ನು ಗೋಡೆಗೆ ಎಸೆದು ಎದ್ದು ಹೋಗುತ್ತಿದ್ದ. ಅವ್ವ ಆ ಹಿಟ್ಟನ್ನು ಕೆರೆದು ದನಕ್ಕೆ ಹಾಕಿ, ಹೊಸ ಹಿಟ್ಟು ಕಲಸಿ ಕಾಯುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಮೆಣಸಿನಕಾಯಿ ಇಡದಿದ್ದರೂ ಅವನ ತಲೆ ತಾನಾಗಿ ಎಡಕ್ಕೆ ತಿರುಗತೊಡಗಿತು. ಪೂರ್ತಿ ಗುಣವಾಗಲಿಲ್ಲ. ದಣಿದ ದಿನ ಎಡಭುಜ ಬಾಗಿಲಿಗೆ ಬಡಿಯುವುದು ಕೊನೆಯವರೆಗೂ ತಪ್ಪಲಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ಈಗ ತಲೆಗೆ ಪೆಟ್ಟಾದರೆ ಯಂತ್ರದೊಳಗೆ ಮಲಗಿಸಿ ಮೆದುಳಿನ ಚಿತ್ರ ತೆಗೆಯುತ್ತಾರೆ. ನಡಿಗೆಗೆ, ಮಾತಿಗೆ, ನೆನಪಿಗೆ ತಿರುಗಿ ಅಭ್ಯಾಸ ಮಾಡಿಸಲು ಕಲಿತವರಿದ್ದಾರೆ. ನಿಮ್ಮ ಮನೆಯಲ್ಲಿ ಪಾತ್ರೆಗಳು ಮೇಜಿನ ಮೇಲಿರುತ್ತವೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದು, ಬೇಕಾದ್ದು ಬಡಿಸಿಕೊಂಡು, ಫೋನು ನೋಡುತ್ತ ಉಂಡು ಏಳುತ್ತೀರಿ. ಯಾರು ಏನು ಬಿಟ್ಟರೆಂದು ಯಾರೂ ಕೇಳುವುದಿಲ್ಲ, ನಿಮ್ಮ ಅಮ್ಮನನ್ನು ಯಾರೂ ಅನುಮಾನಿಸುವುದೂ ಇಲ್ಲ. ನನಗೆ ಅದು ಸಂತೋಷವೇ. ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಎಲ್ಲರ ಗಂಗಾಳದ ಮೇಲೆ. ಆ ಕಣ್ಣುಗಳು ಅವ್ವನನ್ನು ಒಂದು ತಿಂಗಳು ಸುಟ್ಟವು. ಕಾಕಾನ ಬೇನೆಯನ್ನು ಹಿಡಿದದ್ದೂ ಅವೇ ಕಣ್ಣುಗಳು.

ನಿಮ್ಮ ಊಟದ ಹೊತ್ತಿಗೆ ನಾನು ಎದುರಿನ ಕುರ್ಚಿಯಲ್ಲಿ ಸುಮ್ಮನೆ ಬಂದು ಕೂರುತ್ತೇನೆ. "ಅಜ್ಜಿ, ನಮ್ಮ ತಟ್ಟೆ ಯಾಕೆ ನೋಡ್ತೀಯಾ?" ಎಂದು ನೀವು ನಗುತ್ತೀರಿ. ನಗಿ. ನಾನು ನೋಡುತ್ತಿರುತ್ತೇನೆ.