ಪುಸ್ತಕ ಮುಚ್ಚಿ ಹೇಳಿದ ಮಾತು

ಆ ದಪ್ಪ ಪುಸ್ತಕವನ್ನು ಒಬ್ಬಳೇ ಓದಲು ಹೋಗಿ ನಾನು ಮೂರು ಸಲ ಸೋತಿದ್ದೆ. ಬಂಡವಾಳ ಹೇಗೆ ಬೆಳೆಯುತ್ತದೆ, ದುಡಿಯುವವರ ಹೊತ್ತು ಯಾರ ಪಾಲಾಗುತ್ತದೆ ಎಂದು ಹಿಂದಿನ ಕಾಲದವರೊಬ್ಬರು ಕೂತು ಬರೆದದ್ದು. ಮೊದಲ ಅಧ್ಯಾಯ ದಾಟುವಷ್ಟರಲ್ಲಿ ತಲೆ ಕೆಟ್ಟು ಹೋಗುತ್ತಿತ್ತು. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವಳು ನಾನು. ಈ ಸೋಲನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಹಲಸೂರಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾಲ್ಕು ಜನ ಸೇರಿ ಅದೇ ಪುಸ್ತಕ ಓದುತ್ತಾರೆಂದು ತಿಳಿದಾಗ, ಕಲ್ಯಾಣ ನಗರದಿಂದ ಆಟೋ ಹಿಡಿದು ಹೋದೆ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಒಬ್ಬರು ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಬೇಕು, ಆಮೇಲೆ ಪುಸ್ತಕ ಮುಚ್ಚಿ ಅದನ್ನು ಕನ್ನಡದಲ್ಲಿ, ತಮ್ಮದೇ ಮಾತಿನಲ್ಲಿ ಹೇಳಬೇಕು, ಜೊತೆಗೆ ಕಣ್ಣಾರೆ ಕಂಡ ಒಂದು ಉದಾಹರಣೆ ಕೊಡಬೇಕು. ಕೊಡಲಾಗದಿದ್ದರೆ ಮುಂದಿನ ಪ್ಯಾರಾಕ್ಕೆ ಹೋಗುವಂತಿಲ್ಲ. ನನ್ನ ಉದಾಹರಣೆಗಳನ್ನೆಲ್ಲ ಹಿರಿಯರು ತಳ್ಳಿಹಾಕುತ್ತಿದ್ದರು. "ಇದು ನೀವು ನೋಡಿದ್ದಲ್ಲಮ್ಮ, ಎಲ್ಲೋ ಓದಿದ್ದು. ಬೇರೆ ಹೇಳಿ" ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಒಂದೇ ಪ್ಯಾರಾದಲ್ಲಿ ಸಿಕ್ಕಿಬಿದ್ದಿದ್ದೆವು. ಕೆಲಸದ ಗಂಟೆ ಹೆಚ್ಚಿಸದೆಯೇ ಅದೇ ಗಂಟೆಯಲ್ಲಿ ಹೆಚ್ಚು ಕೆಲಸ ಹಿಂಡುವುದು ಹೇಗೆ ಎಂಬ ವಿಷಯ. ಹಿರಿಯರ ಹೆಂಡತಿಗೆ ರವಿಕೆ ಹೊಲಿದು ತಂದಿದ್ದ ಹೆಂಗಸೊಬ್ಬಳು ಬಾಗಿಲ ಬಳಿ ಕಾಯುತ್ತಾ ನಿಂತಿದ್ದಳು. ಕೃಷ್ಣರಾಜಪುರದ ಆಚೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ, ಹಲಸೂರು ತವರು.

"ಇದನ್ನ ಹೇಳೋಕೆ ಇಷ್ಟು ದಪ್ಪ ಪುಸ್ತಕ ಬೇಕಾ ಮೇಡಂ?" ಅಂದಳು. "ನಮ್ ಹೊಲಿಗೆ ಲೈನಲ್ಲಿ ಒಂದಿನ ಬಂದು ಕೂತ್ಕೊಳ್ಳಿ. ಸ್ಟಾಪ್‌ವಾಚ್ ಹಿಡ್ಕೊಂಡು ಒಬ್ಬ ಬಂದು ಹಿಂದೆ ನಿಂತ್ಕೋತಾನೆ. ಇವತ್ತು ಬೇಗ ಹೊಲ್ದು ತೋರ್ಸಿದ್ರೆ ನಾಳೆಯಿಂದ ಅದೇ ಟಾರ್ಗೆಟ್ಟು. ಮುಗೀತು ಕತೆ."

ಹಿರಿಯರು ಕುರ್ಚಿ ಎಳೆದು ಕೊಟ್ಟರು. ಅವತ್ತಿನಿಂದ ಅವಳು ಪ್ರತಿ ವಾರ ಬಂದಳು. ಇಂಗ್ಲಿಷ್ ಬಾರದಿದ್ದರಿಂದ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ಉದಾಹರಣೆ ಕೊಡುತ್ತಿದ್ದಳು. ಆ ಪುಸ್ತಕ ನನಗೆ ಅರ್ಥವಾದದ್ದು ಅವಳಿಂದ, ದೇವರಾಣೆಗೂ. ಮೇಡಂ ಹೋಗಿ ಅಕ್ಕ ಆದೆ. ಮಧ್ಯಾಹ್ನ ಅವಳ ತವರಿನಲ್ಲೇ ಊಟ. "ನಮ್ ಹುಡುಗೀರಿಗೆ ಊಟದ ಹೊತ್ತಲ್ಲಿ ಇದನ್ನೆಲ್ಲ ಹೇಳ್ತೀನಕ್ಕ. ಬಾಯ್ ಬಿಟ್ಕೊಂಡು ಕೇಳ್ತಾರೆ. ನನ್ನನ್ನ ಪ್ರೊಫೆಸರಮ್ಮ ಅಂತ ರೇಗಿಸ್ತಾರೆ" ಎಂದು ನಗುತ್ತಿದ್ದಳು. ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯೊಬ್ಬಳ ಮಾತು ಪ್ರತಿ ಸಲವೂ ಬರುತ್ತಿತ್ತು. ಪಕ್ಕದ ಮೆಷಿನ್ ಅವಳದೇ.

ಒಂದು ವಾರ ತನ್ನ ಸರದಿ ಬಂದಾಗ ಅವಳು ಪುಸ್ತಕ ಮುಚ್ಚಿ, ಉದಾಹರಣೆಯಾಗಿ ಒಂದು ಗುಟ್ಟು ಹೇಳಿದಳು. ಸ್ಟಾಪ್‌ವಾಚ್‌ನವನು ಬಂದಾಗ ಇಡೀ ಲೈನಿನ ಹೆಂಗಸರು ಸೇರಿ, ಅವನಿಗೆ ಗೊತ್ತಾಗದ ಹಾಗೆ ಕೈ ನಿಧಾನ ಮಾಡುವ ಒಂದು ಉಪಾಯ. ವರ್ಷಗಟ್ಟಲೆ ನಡೆದುಕೊಂಡು ಬಂದದ್ದು. ಅದರಿಂದಲೇ ಟಾರ್ಗೆಟ್ ಏರದೆ ಅವರಿಗೆ ನೀರು ಕುಡಿಯಲು, ಬೆನ್ನು ನೆಟ್ಟಗೆ ಮಾಡಲು ಬಿಡುವು ಸಿಗುತ್ತಿತ್ತು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದದ್ದು ಸಾಕು.

ಹೌದು, ಬರೆದೆ. ಆ ಅಧ್ಯಾಯದ ಬಗ್ಗೆ ಒಂದು ಮಾಸಪತ್ರಿಕೆಗೆ ಲೇಖನ ಕೇಳಿದ್ದರು. ಹೊಳೆಯುವಂಥ ಉದಾಹರಣೆ ಕೈಯಲ್ಲಿತ್ತು. ಹೆಸರು ಹಾಕಲಿಲ್ಲ, ಫ್ಯಾಕ್ಟರಿ ಯಾವುದೆಂದು ಹೇಳಲಿಲ್ಲ, ಅಷ್ಟಕ್ಕೇ ನನ್ನ ಜವಾಬ್ದಾರಿ ಮುಗಿಯಿತೆಂದುಕೊಂಡೆ. ಉಪಾಯವನ್ನು ಮಾತ್ರ ಬಿಡಿಸಿ ಬಿಡಿಸಿ ಬರೆದೆ. ಅವಳಿಗೆ ಅಚ್ಚರಿಯಾಗಲಿ ಎಂದು ಮೊದಲು ಹೇಳಲೂ ಇಲ್ಲ. ಅಚ್ಚರಿಯಂತೆ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಪತ್ರಿಕೆಯವರು ಅದನ್ನು ಮೊಬೈಲಿಗೂ ಬಿಟ್ಟರು. ಅಲ್ಲಿಂದ ಅದು ಯಾರ್ಯಾರ ಕೈಗೆ ಹೋಯಿತೋ ಗೊತ್ತಿಲ್ಲ. ನನಗಂತೂ ಹೊಗಳಿಕೆಯ ಫೋನುಗಳು ಬಂದವು. "ಎಂಥಾ ಜೀವಂತ ಉದಾಹರಣೆ ಮೇಡಂ" ಅಂದರು. ಉಬ್ಬಿಹೋಗಿದ್ದೆ.

ಲೇಖನ ಬಂದ ಮೇಲಿನ ಭಾನುವಾರ ಅವಳು ಬರಲಿಲ್ಲ, ಮುಂದಿನ ಮೂರು ಭಾನುವಾರವೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಹುಷಾರಿಲ್ಲವೇನೋ ಎಂದು ಹಣ್ಣು ತೆಗೆದುಕೊಂಡು ಕೃಷ್ಣರಾಜಪುರದ ಸ್ಟೇಷನ್ ಹಿಂದಿನ ಅವಳ ಮನೆಗೆ ಹೋದೆ. ಬಾಗಿಲು ತೆಗೆದು, "ಬನ್ನಿ ಮೇಡಂ" ಅಂದಳು.

ಟೀ ಕೊಟ್ಟ ಮೇಲೆಯೇ ಹೇಳಿದಳು. ಸೂಪರ್‌ವೈಸರ್ ಒಂದು ಬೆಳಿಗ್ಗೆ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ ನನ್ನ ಲೇಖನವನ್ನು ಮೊಬೈಲ್ ನೋಡಿಕೊಂಡು ಗಟ್ಟಿಯಾಗಿ ಓದಿದನಂತೆ. ಸ್ಟಾಪ್‌ವಾಚ್‌ನವನು ಪಕ್ಕದಲ್ಲಿ ನಿಂತು ನಗುತ್ತಿದ್ದನಂತೆ. ಮಾರನೆಯ ದಿನವೇ ಎಲ್ಲರ ಟಾರ್ಗೆಟ್ ಏರಿತು. ಹೇಳಿದ್ದು ಯಾರೆಂದು ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾನುವಾರ ಪುಸ್ತಕ ಓದಲು ಹೋಗುತ್ತಿದ್ದವಳು ಅವಳೊಬ್ಬಳೇ.

"ಯಾರೂ ಬೈಲಿಲ್ಲ ಮೇಡಂ. ಬೈದಿದ್ರೆ ಚೆನ್ನಾಗಿರ್ತಿತ್ತು. ಊಟಕ್ಕೆ ಕೂತ್ರೆ ಡಬ್ಬಿ ಎತ್ಕೊಂಡು ಆಚೆ ಹೋಗೋರು. ಇವಳೂ ಹೋದ್ಲು." ಇವಳೆಂದರೆ ಪಕ್ಕದ ಮೆಷಿನ್ನಿನ ಗೆಳತಿ. "ಅವಳ ಮಗೂನ ನಾನು ಎತ್ತಿ ಆಡ್ಸಿದೀನಿ. ದಾರೀಲಿ ಸಿಕ್ರೆ ಮುಖ ತಿರುಗಿಸ್ತಾಳೆ. ಹದಿನೈದು ದಿನ ನೋಡ್ದೆ, ಆಗ್ಲಿಲ್ಲ. ಬಿಟ್ಬಿಟ್ಟೆ." ಈಗ ಶಿವಾಜಿನಗರದ ಒಂದು ಅಂಗಡಿಯಲ್ಲಿ ಒಬ್ಬಳೇ ಕೂತು ಪ್ಯಾಂಟು ಕತ್ತರಿಸಿ ಹೊಲಿಯುತ್ತಾಳೆ.

"ತಪ್ಪಾಯ್ತು ಕಣಮ್ಮ" ಅಂದೆ. ಅಳು ಬಂತು. ಅವಳ ಮನೆಯಲ್ಲಿ ಕೂತು, ಅವಳ ಮುಂದೆ, ನಾನು ಅತ್ತೆ. ಅವಳೇ ಎದ್ದು ನೀರು ತಂದುಕೊಟ್ಟಳು.

"ಸುಳ್ಳೇನೂ ಬರ್ದಿಲ್ಲ ನೀವು. ಆದ್ರೆ ಅದು ನಂದೊಬ್ಬಳದೇ ಆಗಿರ್ಲಿಲ್ಲ, ಎಲ್ರದೂ. ನಾನು ಹೇಳ್ಬಾರ್ದಿತ್ತು" ಅಂದಳು. ನನ್ನನ್ನು ದೂರುವ ಬದಲು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು. ಅಲ್ಲ ಕಣೇ, ನೀನು ನಂಬಿ ಹೇಳಿದ್ದೆ, ಮಾರಿಕೊಂಡವಳು ನಾನು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಓದಲು ಬಾ, ಎಲ್ಲರೂ ಕಾಯುತ್ತಿದ್ದಾರೆ ಅಂದೆ.

"ಬೇಡ. ಅಲ್ಲಿಗೆ ಬಂದ್ರೆ ಏನಾದ್ರೂ ಹೇಳ್ಬೇಕಾಗತ್ತೆ."

ಹಿರಿಯರಿಗೆ ನಡೆದದ್ದನ್ನೆಲ್ಲ ಹೇಳಿದೆ. "ಆ ಅಧ್ಯಾಯ ನಿಮಗೆ ಅರ್ಥವಾಗಿದೆ ಅಂದ್ಕೊಂಡಿದ್ದೆ" ಅಂದರು. ಓದುವುದನ್ನು ಅವರು ನಿಲ್ಲಿಸಲಿಲ್ಲ. ನಾನು ಹೋಗುವುದು ನಿಲ್ಲಿಸಿದೆ. ಇನ್ನೊಬ್ಬರ ದುಡಿಮೆಯನ್ನು ಕೇಳದೆ ಕೊಂಡೊಯ್ಯುವವರ ಬಗ್ಗೆ ಪಾಠ ಹೇಳಲು ಕ್ಲಾಸಿಗೆ ಮಾತ್ರ ಈಗಲೂ ಹೋಗುತ್ತೇನೆ, ಹೊಟ್ಟೆಪಾಡು.

ಇದನ್ನು ಅಚ್ಚಿಗೆ ಕೊಡುವ ಮೊದಲು ಕಾಗದ ಹಿಡಿದುಕೊಂಡು ಶಿವಾಜಿನಗರದ ಅವಳ ಅಂಗಡಿಗೆ ಹೋಗಿ ಪೂರ್ತಿ ಓದಿ ಹೇಳಿದೆ. ಅವಳು ಹೊಲಿಯುತ್ತಲೇ ಕೇಳಿದಳು. ಎರಡು ಕಡೆ ತೆಗೆಯಲು ಹೇಳಿದಳು, ತೆಗೆದೆ. ನೀನು ಬೇಡವೆಂದರೆ ಇಲ್ಲೇ ಹರಿದು ಹಾಕುತ್ತೇನೆ ಅಂದೆ. ಬೇಡವೆನ್ನಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಬೇಡವೆಂದಿದ್ದರೆ, ಕಾಪಾಡಿಕೊಳ್ಳಲು ಅವಳಿಗೆ ಇನ್ನೂ ಏನಾದರೂ ಉಳಿದಿದೆಯೆಂದಾದರೂ ಗೊತ್ತಾಗುತ್ತಿತ್ತು.

"ಹಾಕ್ಕೊಳ್ಳಿ ಮೇಡಂ" ಅಂದಳು. "ಈಗ ಆ ಲೈನಲ್ಲಿ ನನ್ನೋರು ಯಾರಿದಾರೆ, ಮುಚ್ಚಿಡೋಕೆ?"